ನಕ್ಷೆಯಲ್ಲಿಲ್ಲದ ಏರು

ಗಂಗಾಧರ, ಆ ಸಂಜೆ ಸೋತದ್ದು ನಿನ್ನ ಕಾಲಲ್ಲ. ನಿನ್ನ ಹಿಂದೆ ಕುಳಿತು ನಾನು ಚಕ್ರವನ್ನು ಒತ್ತಿ ಹಿಡಿದಿದ್ದೆ.

ಇಷ್ಟು ಬರೆಯುವುದಕ್ಕೆ ಇಷ್ಟು ವರ್ಷ ಬೇಕಾಯಿತು. ಬರೆದ ಮೇಲೂ — ನಿಜವಾಗಿ ಹಾಗೇ ಆಯಿತೆ ಎಂದು ನನ್ನೊಳಗೊಬ್ಬ ಕೇಳುತ್ತಲೇ ಇದ್ದಾನೆ. ಎಲ್ಲದಕ್ಕೂ ಪುರಾವೆ ಕೇಳು ಎಂದು ವಿಶ್ವವಿದ್ಯಾಲಯ ಕಲಿಸಿತ್ತು. ಆ ವಿದ್ಯೆಯನ್ನು ನಾನು ಹೆಚ್ಚಾಗಿ ಬಳಸಿದ್ದು ನನ್ನಿಂದಲೇ ತಪ್ಪಿಸಿಕೊಳ್ಳುವುದಕ್ಕೆ.

ನೀನು ಏನನ್ನೂ ಮರೆತಿಲ್ಲ. ಆದರೂ ಮೊದಲಿನಿಂದ ಹೇಳುತ್ತೇನೆ, ಏಕೆಂದರೆ ನೀನು ಎಲ್ಲರಿಗೂ ಹೇಳುವ ಕಥೆ ಬೇರೆ, ಇದು ಬೇರೆ.

ಎಂಬತ್ತರ ದಶಕದ ನಡುವಿನ ದಿನಗಳು. ರಜೆ ಹಾಕಿದ ಪೋಸ್ಟ್‌ಮನ್‌ಗಳ ಬದಲಿಗೆ ವಿಜಯನಗರದ ಬೀದಿಗಳಲ್ಲಿ ನೀನು ಟಪಾಲು ಹಂಚುತ್ತಿದ್ದೆ. ಇಂದಲ್ಲ ನಾಳೆ ಕಾಯಂ ಆಗುತ್ತದೆ ಎಂದು ಕಾಯುತ್ತಿದ್ದೆ. ಅಷ್ಟರಲ್ಲಿ ಮಾಗಡಿ ರಸ್ತೆಯಲ್ಲಿ ಲಾರಿ ತಗುಲಿ ಬಲಗಾಲು ಮುರಿಯಿತು. ಪ್ಲಾಸ್ಟರ್ ಬಿಚ್ಚಿದ ಡಾಕ್ಟರು ಸೈಕಲ್ ತುಳಿಯಲು ಹೇಳಿದರು. ತುಳಿಯಲು ನೀನು ಒಪ್ಪಿದೆ, ರಸ್ತೆಗಿಳಿಯಲು ಮಾತ್ರ ಒಪ್ಪಲಿಲ್ಲ. ಲಾರಿಯ ಹಾರ್ನ್ ಕೇಳಿದರೆ ಸಾಕು, ಪಕ್ಕದ ಗೋಡೆ ಹಿಡಿದುಕೊಳ್ಳುತ್ತಿದ್ದೆ. ಕೊನೆಗೆ ವಠಾರದ ಹಿಂದಿನ ಅಂಗಳದಲ್ಲಿ ಸೈಕಲ್ಲಿಗೆ ಸ್ಟ್ಯಾಂಡ್ ಹಾಕಿ, ಹಿಂದಿನ ಚಕ್ರ ನೆಲ ಬಿಟ್ಟು ತಿರುಗುವಂತೆ ಮಾಡಿ, ನಿಂತಲ್ಲೇ ತುಳಿಯತೊಡಗಿದೆ.

ನಾನು ಪಕ್ಕದ ಬೀದಿಯ ಬಾಡಿಗೆ ಕೋಣೆಯಲ್ಲಿದ್ದೆ. ವಿಶ್ವವಿದ್ಯಾಲಯದ ಜ್ಞಾನಭಾರತಿ ಆವರಣದಲ್ಲಿ ಭೂಗೋಳದ ಸಂಶೋಧನೆ. ಬೆಟ್ಟಗಳು ನೇರವಾಗಿ ಸಮುದ್ರಕ್ಕಿಳಿಯುವ ಇಟಲಿಯ ಕರಾವಳಿಯಲ್ಲಿ ರಸ್ತೆಗಳು ಹೇಗೆ ದಾರಿ ಮಾಡಿಕೊಂಡವು — ಅದು ನನ್ನ ವಿಷಯ. ಆ ಸಮುದ್ರವನ್ನು ನಾನು ನೋಡಿರಲಿಲ್ಲ. ನೋಡಿಬರಲು ವಿದ್ಯಾರ್ಥಿವೇತನ ಬರುತ್ತದೆ, ಬರುತ್ತದೆ ಎಂದು ಕಾಯುತ್ತಾ ಪ್ರಬಂಧ ಅರ್ಧಕ್ಕೇ ನಿಂತಿತ್ತು. ಕೈಯಲ್ಲಿದ್ದದ್ದು ಕೆಲವು ನಕ್ಷೆಗಳು, ಮತ್ತು ಫುಟ್‌ಪಾತಿನಲ್ಲಿ ಕೊಂಡ, ಸೈಕಲ್ ಪ್ರವಾಸಿಗರಿಗಾಗಿ ಬರೆದ ಒಂದು ಹಳೆಯ ದಾರಿಪುಸ್ತಕ.

"ಗಾಣದೆತ್ತಿನ ಥರ ಆಗೋಗಿದೆ ಗುರು, ತುಳಿದಿದ್ದೇ ತುಳಿಯೋದು," ಎಂದೆ ನೀನು ಒಂದು ಸಂಜೆ. "ನಿನ್ನ ಆ ಇಟಲಿಗಾದ್ರೂ ಕರ್ಕೊಂಡ್ ಹೋಗೋ."

ಮರುದಿನ ಪುಸ್ತಕ ತಂದೆ. ಜಿನೋವಾ ಪಟ್ಟಣದಿಂದ ಹೊರಟೆವು, ಪಶ್ಚಿಮಕ್ಕೆ. ಎಡಗಡೆ ಸಮುದ್ರ, ಬಲಗಡೆ ಬೆಟ್ಟದ ಮೈಗೆ ಕಲ್ಲುಕಟ್ಟೆ ಕಟ್ಟಿ ಬೆಳೆಸಿದ ಆಲಿವ್ ಮರಗಳು. ಒಂದೊಂದು ಕೊಲ್ಲಿಗೂ ಒಂದೊಂದು ಮೀನುಗಾರರ ಊರು. ಊರು ದಾಟಿದರೆ ಸಮುದ್ರಕ್ಕೆ ಮೂಗು ಚಾಚಿದ ಗುಡ್ಡ. ಅದನ್ನು ಹತ್ತಿ ಇಳಿದರೆ ಮತ್ತೊಂದು ಊರು. ನಾನು ಓದುತ್ತಿದ್ದೆ, ನೀನು ತುಳಿಯುತ್ತಿದ್ದೆ. ಗಾಳಿಯಲ್ಲಿ ತಿರುಗುವ ಚಕ್ರಕ್ಕೆ ಭಾರವೇ ಇರುವುದಿಲ್ಲವಲ್ಲ — ಏರು ಬಂದಾಗ ನಾನು ಮಣೆಯ ಮೇಲೆ ಕುಳಿತು, ಹಳೆ ಟ್ಯೂಬ್ ಸುತ್ತಿದ ಹಲಗೆಯನ್ನು ಟೈರಿಗೆ ಒತ್ತುತ್ತಿದ್ದೆ. ಇಳಿಜಾರು ಬಂದಾಗ ಬಿಡುತ್ತಿದ್ದೆ. ಎಷ್ಟು ಒತ್ತಿದೆನೆಂದು ನಿನಗೆ ಕಾಣುತ್ತಿರಲಿಲ್ಲ. ನಿನ್ನ ಬೆನ್ನು ನನ್ನ ಕಡೆಗಿತ್ತು.

ಒಂದು ಗುಡ್ಡದ ಹೆಸರು 'ಕಾಪೊ ಮೇಲೆ' ಎಂದು ಓದಿದಾಗ ನೀನು ಪೆಡಲ್ ನಿಲ್ಲಿಸಿ ನಕ್ಕಿದ್ದೆ. "ಹೆಸರಲ್ಲೇ ಮೇಲೆ ಅಂತ ಬರೆದವ್ರಲ್ಲೋ! ಕೆಳಗೆ ಅನ್ನೋದೂ ಒಂದಿದ್ರೆ ಅಲ್ಲಿಗ್ ಹೋಗಣ." ಅಕ್ಕಿ ಆರಿಸುತ್ತಾ ಕೂತಿದ್ದ ನಿಮ್ಮಮ್ಮ, "ಎಲ್ಲಿಗಂಟ ಬಂದ್ರಪ್ಪಾ ಇವತ್ತು? ಊಟದೊತ್ಗೆ ವಾಪಸ್ ಬತ್ತೀರೋ, ಅಲ್ಲೇ ಉಳ್ಕೊತೀರೋ?" ಎಂದು ಕೇಳುತ್ತಿದ್ದರು.

ಉಳಿದುಬಿಟ್ಟಿದ್ದವನು ನಾನು. ಹಗಲೆಲ್ಲ ನಮ್ಮ ವಿಭಾಗದಲ್ಲಿ ಸತ್ತಂತೆ ಬಿದ್ದಿದ್ದ ಆ ರಸ್ತೆ ಸಂಜೆ ನಿಮ್ಮ ಅಂಗಳದಲ್ಲಿ ಮಾತ್ರ ಜೀವ ತಳೆಯುತ್ತಿತ್ತು. ಅಲ್ಲಿ ನಾನು ಬಲ್ಲವನಾಗಿದ್ದೆ.

ನಿನಗೆ ಕರೆ ಬಂತು. ಕಾಯಂ ಕೆಲಸ, ಜ್ಞಾನಭಾರತಿಯ ಆಚೆ ಉಲ್ಲಾಳದ ಕಡೆ. ಸೈಕಲ್ ತುಳಿದು ತೋರಿಸಬೇಕು. ವಯಸ್ಸಿನ ಮಿತಿಯಲ್ಲಿ ನಿನಗೆ ಅದೇ ಕೊನೆಯ ಅವಕಾಶ. ಲಾರಿಯ ಭಯ ಅಷ್ಟರಲ್ಲಿ ಕಳೆದಿತ್ತು; ಅಲ್ಲಿನ ಏರುಗಳಲ್ಲಿ ಚೀಲ ಹೇರಿಕೊಂಡು ತುಳಿಯಲು ಕಾಲು ತಡೆದೀತೆ ಎಂಬುದೊಂದೇ ನಿನ್ನ ಚಿಂತೆ. ಪರೀಕ್ಷೆಯ ಹಿಂದಿನ ಸಂಜೆ ನೀನೇ ಪಂದ್ಯ ಕಟ್ಟಿಕೊಂಡೆ. "ಪುಸ್ತಕದ ಕೊನೇ ಬೆಟ್ಟ ಇವತ್ತು ಹತ್ತಿಬಿಟ್ರೆ ನಾಳೆ ಹೋಗ್ತೀನಿ. ಆಗ್ಲಿಲ್ವಾ, ಹೋಗಲ್ಲ."

ಅದೇ ವಾರ ವಿದ್ಯಾರ್ಥಿವೇತನ ಬೇರೆಯವರಿಗೆ ಹೋಗಿತ್ತು. ನಿನಗೆ ಹೇಳಿರಲಿಲ್ಲ. ಇದನ್ನು ಕಾರಣವೆಂದು ಬರೆಯುತ್ತಿಲ್ಲ — ಬರೆಯದೆ ಬಿಟ್ಟರೆ ಅದೂ ಒಂದು ಮುಚ್ಚುಮರೆ.

ಕೊನೆಯ ಬೆಟ್ಟವನ್ನು ನೀನು ಹತ್ತಿದೆ. ಸಲೀಸಾಗಿ ಹತ್ತಿದೆ, ಗಂಗಾಧರ. ಹೂವಿಗೆ ಹೆಸರಾದ ಸಮುದ್ರತೀರದ ಊರಿಗೆ ಇಳಿದೆವು. ಪುಸ್ತಕ ಅಲ್ಲಿಗೆ ಮುಗಿದಿತ್ತು. ನೀನು ಬೆವರು ಒರೆಸಿಕೊಂಡು, "ಆಯ್ತಾ?" ಎಂದೆ.

"ಇಲ್ಲ," ಎಂದೆ ನಾನು. "ಇನ್ನೊಂದಿದೆ."

ಇರಲಿಲ್ಲ. ಆ ಏರು ಯಾವ ನಕ್ಷೆಯಲ್ಲೂ ಇಲ್ಲ. ಬಾಯಿಗೆ ಬಂದ ತಿರುವುಗಳನ್ನು ಹೇಳುತ್ತಾ ಹೋದೆ, ಹಲಗೆ ಒತ್ತುತ್ತಾ ಹೋದೆ. ರಬ್ಬರ್ ಸುಟ್ಟ ವಾಸನೆ ಬಂತು. ನಿನ್ನ ತೊಡೆ ನಡುಗತೊಡಗಿತು. ಚಕ್ರ ನಿಂತಿತು.

"ಆಗ್ತಿಲ್ಲ ಕಣೋ," ಎಂದೆ ನೀನು. ತಿರುಗಿ ನೋಡಲಿಲ್ಲ. "ಕಾಲು ಬಿಟ್ಬಿಡ್ತು."

"ಬಲವಂತ ಮಾಡ್ಬೇಡ. ಇನ್ನೂ ಟೈಮ್ ಬೇಕು ಅದಕ್ಕೆ."

ನಾನು ಆಡಿದ ಮಾತು ಇಷ್ಟೇ. ಮರುದಿನ ನೀನು ಹೋಗಲಿಲ್ಲ.

ಈಗ ನೆನಪಿನ ವಿಷಯ. ನನ್ನ ಬಳಿ ಎರಡು ನೆನಪುಗಳಿವೆ. ಒಂದರಲ್ಲಿ ನಿನ್ನ ತೊಡೆ ಮೊದಲು ನಡುಗುತ್ತದೆ. ನಾನು ಗಾಬರಿಯಾಗಿ ಹಲಗೆ ಸಡಿಲಿಸುತ್ತೇನೆ. ಆದರೂ ಚಕ್ರ ನಿಲ್ಲುತ್ತದೆ. ಬಹಳ ಕಾಲ ನಾನು ಇದರಲ್ಲೇ ಬದುಕಿದೆ. ಅದರಲ್ಲಿ ನಿನ್ನ ಬೆನ್ನ ಮೇಲಿನ ಬೆವರಿನ ಕಲೆ ಕೂಡ ನಿಚ್ಚಳ — ಟ್ಯೂಬ್‌ಲೈಟಿನ ಬಿಳಿ ಬೆಳಕಿನಲ್ಲಿ. ಒಂದು ದಿನ ಬಸ್ಸಿಗೆ ಕಾಯುತ್ತಾ ನಿಂತಿದ್ದಾಗ ಹೊಳೆಯಿತು: ಆ ಅಂಗಳಕ್ಕೆ ಟ್ಯೂಬ್‌ಲೈಟ್ ಹಾಕಿಸಿದ್ದು ನಿನ್ನ ಮದುವೆಗೆ, ಎರಡು ವರ್ಷದ ನಂತರ. ಆಗ ಅಲ್ಲಿದ್ದದ್ದು ಬಾಗಿಲ ಮೇಲಿನ ಹಳದಿ ಬಲ್ಬು. ಅಂದರೆ ನಾನು ನಿರಪರಾಧಿಯಾದ ಸಂಜೆಯನ್ನು ನಾನೇ ಆಮೇಲೆ ಕಟ್ಟಿಕೊಂಡಿದ್ದೇನೆ. ಇನ್ನೊಂದು ನೆನಪಿನಲ್ಲಿ ಬೆಳಕು ಮಂದ. ನಿನ್ನ ಬೆನ್ನೂ ಸರಿಯಾಗಿ ಕಾಣುವುದಿಲ್ಲ. ನನ್ನ ಎರಡೂ ಅಂಗೈ ಹಲಗೆಯ ಮೇಲಿವೆ, ಮೈಭಾರವೆಲ್ಲ ಅವುಗಳ ಮೇಲಿದೆ.

ಬೇಕೆಂದೇ ಮಾಡಿದೆನೆ? ನೀನು ಹೋಗಬಾರದು ಎಂದುಕೊಂಡೆನೆ? ಆ ಕ್ಷಣದಲ್ಲಿ ಅಂಥ ಮಾತೇನೂ ಮನಸ್ಸಿನಲ್ಲಿ ಇದ್ದ ನೆನಪಿಲ್ಲ. ಆದರೆ ಕೈಗೆ ಗೊತ್ತಿತ್ತು — ಎಲ್ಲಿ ಬಿಡಬೇಕೆಂದು ಅಷ್ಟು ದಿನ ಗೊತ್ತಿದ್ದ ಕೈ ಅದು.

ನಾನು ಆಮೇಲೆ ಪ್ರಬಂಧ ಮುಗಿಸಿದೆ, ಮೇಷ್ಟ್ರಾದೆ, ಕೆಂಗೇರಿಯಲ್ಲಿ ಮನೆ ಮಾಡಿದೆ. ನೀನು ಸೈಕಲ್ ಮಾರಿ ಬ್ಯಾಡರಹಳ್ಳಿಯಲ್ಲಿ ನಿಮ್ಮ ಸೋದರಮಾವನ ಹಿಟ್ಟಿನ ಗಿರಣಿಯಲ್ಲಿ ಕೂತೆ. ಕೂತದ್ದಷ್ಟೇ ಅಲ್ಲ, ಕಾಲು ಸೋತಿತೆಂದೇ ನಂಬಿದೆ. ಕೇಳಿದವರಿಗೆಲ್ಲ "ನನ್ನ ಕಾಲು ಏರು ತಡೆಯಲ್ಲ" ಎಂದು ಹೇಳಿಕೊಂಡು ಬಂದೆ. ನಿನ್ನ ಮಗಳ ಮದುವೆ ಬೆಟ್ಟದ ಮೇಲಿನ ಗುಡಿಯಲ್ಲಿ ಎಂದಾದಾಗ ನಿನ್ನ ಬದಲು ಅವಳ ಸೋದರಮಾವ ಧಾರೆ ಎರೆದುಕೊಟ್ಟ. ನೀನು ಬುಡದಲ್ಲಿ ಚಪ್ಪಲಿಗಳ ಪಕ್ಕ ಕುಳಿತಿದ್ದೆ. ನಾನು ನಿನ್ನ ಜೊತೆಗೆ ಕುಳಿತೆ. ಮೇಲಿಂದ ಓಲಗ ಕೇಳಿದಾಗ, ಅಲ್ಲಿ ಟೀ ಕುಡಿಯುತ್ತಿದ್ದವರಿಗೆ ನೀನು ನನ್ನನ್ನು ತೋರಿಸಿದೆ. "ಇವ್ನು ಇಲ್ದಿದ್ರೆ ನಾನು ನಡೀತಾನೂ ಇರ್ಲಿಲ್ಲ ಸಾರ್. ಓದೋದ್ ಬಿಟ್ಟು ದಿನಾ ಬರ್ತಿದ್ದ, ನನಗೋಸ್ಕರ."

ನನ್ನನ್ನು ಹಿಡಿದಿಟ್ಟಿರುವುದು ಇದು. ನೀನು ಬೈದಿದ್ದರೆ ಎಂದೋ ದಾರಿ ಸಿಗುತ್ತಿತ್ತು. ಒಂದೊಂದು ಸಲ ನೀನು ಹೀಗೆ ಹೇಳಿದಾಗಲೂ ನಾನು ತಲೆ ಬಾಗಿಸಿ ನಕ್ಕಿದ್ದೇನೆ; ಒಂದೊಂದು ನಗುವಿಗೂ ಬಾಗಿಲು ಇನ್ನಷ್ಟು ಗಟ್ಟಿಯಾಗಿ ಮುಚ್ಚಿಕೊಂಡಿದೆ.

ಭಾನುವಾರ ಬರುತ್ತೇನೆ. ಇದನ್ನು ನಿನ್ನ ಕೈಗೆ ತುರುಕಿ ಓಡಿಬರುವುದಿಲ್ಲ, ಎದುರಿಗೆ ಕುಳಿತು ಓದುತ್ತೇನೆ. ನಿನ್ನ ಮಗಳೂ ಇರಲಿ — ಅಪ್ಪ ಯಾಕೆ ಮೇಲೆ ಬರಲಿಲ್ಲ ಎಂದು ಕೇಳುವ ಹಕ್ಕು ಅವಳದು, ಉತ್ತರ ಕೊಡಬೇಕಾದವನು ನಾನು. ಹಳೇದು ಬಿಡೋ ಎಂದು ನೀನು ಅನ್ನಬಹುದು. ಅಷ್ಟು ಬೇಗ ಬಿಡಬೇಡ. ಎದ್ದು ಹೋಗು ಎಂದರೆ ಎದ್ದು ಹೋಗುತ್ತೇನೆ.

ಈಗ ನಿನ್ನ ಮಂಡಿ ನಿಜವಾಗಿಯೂ ನೋಯುತ್ತದೆ, ಗೊತ್ತು. ಈ ಮಾತು ಹೇಳಿದ ಮಾತ್ರಕ್ಕೆ ನೀನು ಇನ್ನು ಯಾವ ಬೆಟ್ಟವನ್ನೂ ಹತ್ತಲಾರೆ. ಆದರೂ ನನ್ನ ಬಾಯಿಂದಲೇ ಕೇಳು: ನಿನ್ನ ಕಾಲು ಚೆನ್ನಾಗಿತ್ತು, ಗಂಗಾಧರ. ಆ ಸಂಜೆಯೂ ಚೆನ್ನಾಗಿತ್ತು. ಮರುದಿನವೂ.