ಉಪ್ಪಿನ ಕೆರೆಯ ದಡಕ್ಕೆ ಕರೆದೊಯ್ದ ಅಕ್ಕ

ಕಳೆದ ವಾರ ಕುವೈತಿನ ಎಗೈಲಾದ ಮಾಲ್‌ನಲ್ಲಿ ಮಗಳಿಗೆ ಶೂ ಕೊಂಡು ಹೊರಬರುವಾಗ, ಅತ್ತರಿನ ಅಂಗಡಿಯವಳು ಕೇಳದೆಯೇ ನನ್ನ ಅಂಗೈಗೆ ನಿಂಬೆಯ ಕಲೋನ್ ಸುರಿದಳು. ಟರ್ಕಿಯದಂತೆ. ತಣ್ಣಗಿತ್ತು, ಸ್ವಲ್ಪ ಚುರುಗುಟ್ಟಿತು. ಮೂಗಿನ ಹತ್ತಿರ ತಂದದ್ದೇ ತಡ, ಅಲ್ಲೇ ನಿಂತುಬಿಟ್ಟೆ. ಮಗಳು "ಅಮ್ಮಾ, ಕಮ್" ಎಂದು ಕೈ ಎಳೆಯುತ್ತಿದ್ದಳು. ನನಗೆ ಮಾತ್ರ ಒಂದು ಉಪ್ಪಿನ ಕೆರೆ ಕಾಣುತ್ತಿತ್ತು. ದಡದಲ್ಲಿ ಖರ್ಜೂರದ ಮರಗಳು, ಅವುಗಳ ನಡುವೆ ಒಂದು ಗುಮ್ಮಟ... ನನ್ನ ಮುಂದೆ ಮಂಡಿನೋವಿಗೆ ವಾಲುತ್ತಾ ನಡೆಯುತ್ತಿದ್ದ ಅಕ್ಕ.

ಮೈದಾನ್ ಹವಲ್ಲಿಯ ನಮ್ಮ ಹಳೆಯ ಕಟ್ಟಡದಲ್ಲಿ ಅವರದು ಎದುರು ಫ್ಲ್ಯಾಟು. ಉಳ್ಳಾಲದ ಕಡೆಯ ಬ್ಯಾರಿ ಹೆಂಗಸು. ಗಂಡ ಕುವೈತಿನಲ್ಲೇ ತೀರಿಕೊಂಡು ಇಲ್ಲೇ ಮಣ್ಣಾಗಿದ್ದರು. ಗಂಡುಮಕ್ಕಳು ಊರಿನಿಂದ, ಬಂದುಬಿಡಿ ಎಂದು ಕರೆಯುತ್ತಲೇ ಇದ್ದರು. ಅಕ್ಕ ಮಾತ್ರ ಒಂದು ನರ್ಸರಿ ಶಾಲೆಯಲ್ಲಿ ಪುಟ್ಟ ಮಕ್ಕಳನ್ನು ನೋಡಿಕೊಳ್ಳುತ್ತಾ ಇಲ್ಲೇ ಉಳಿದಿದ್ದರು. ನಾನು ಮಂಡ್ಯದವಳು, ಬ್ಯಾಂಕಿನಲ್ಲಿ ಕೆಲಸ. ಅವರ "ಎಂತ ಮಾರಾಯ್ತಿ" ಮೊದಮೊದಲು ನನಗೆ ಜಗಳಕ್ಕೆ ಬಂದಂತೆ ಕೇಳುತ್ತಿತ್ತು. ಇಬ್ಬರೂ ಕನ್ನಡವನ್ನೇ ಆಡುತ್ತಿದ್ದರೂ ನಾವು ಒಬ್ಬರನ್ನೊಬ್ಬರು ಕಲಿಯಬೇಕಾಯಿತು.

ಮದುವೆಯಾಗಿ ಬಹಳ ವರ್ಷಗಳ ಮೇಲೆ ನಾನು ಬಸುರಿಯಾದೆ. ಎಂಟನೇ ತಿಂಗಳಲ್ಲಿ ಒಂದು ಬೆಳಿಗ್ಗೆ ಮಗು ಮಿಸುಕಲಿಲ್ಲ. ಆಸ್ಪತ್ರೆಯಲ್ಲಿ ಹೆರಿಗೆಯಾಯಿತು, ಅಳು ಕೇಳಿಸಲಿಲ್ಲ. ಗಂಡುಮಗು. ನಾನಿನ್ನೂ ಹಾಸಿಗೆಯಲ್ಲಿರುವಾಗಲೇ ನನ್ನ ಗಂಡ ಸ್ನೇಹಿತರ ಜೊತೆ ಹೋಗಿ, ಊರಾಚೆಯ ಸ್ಮಶಾನದಲ್ಲಿ ಅವನನ್ನು ಮಣ್ಣು ಮಾಡಿ ಬಂದರು. ಎಲ್ಲಿ, ಹೇಗೆ ಎಂದು ನಾನು ಕೇಳಲಿಲ್ಲ. ಅವರೂ ಹೇಳಲಿಲ್ಲ. ಫೋನಿನಲ್ಲಿ ಊರಿನವರೆಲ್ಲ ಮರೆತುಬಿಡು ಅಂದರು. ಬ್ಯಾಂಕಿನವರು ಏನೂ ಆಗಿಲ್ಲವೆಂಬಂತೆ ನಡೆದುಕೊಂಡರು... ಅದೂ ಪ್ರೀತಿಯೇ ಇರಬೇಕು.

ಅಕ್ಕ ಈ ಎರಡನ್ನೂ ಮಾಡಲಿಲ್ಲ. ಶಾಲೆ ಮುಗಿಸಿ ಬಂದವರು, ತಮ್ಮ ಊಟವನ್ನು ತಟ್ಟೆ ಸಮೇತ ನಮ್ಮ ಮನೆಗೆ ತರುತ್ತಿದ್ದರು. ಒಬ್ಬಳೇ ಉಣ್ಣಲಿಕ್ಕೆ ಬೇಜಾರು ಎನ್ನುವುದು ಅವರ ನೆಪ. ಅಕ್ಕಿ ಕಡುಬಿನಂಥ ಪುಂಡಿಯನ್ನು ಮುರಿದು, ಸಾರಿನಲ್ಲಿ ಅದ್ದಿ, ನನ್ನ ಮುಂದೆ ಒಂದು ಚೂರು ಇಟ್ಟು, ಶಾಲೆಯ ಮಕ್ಕಳ ಚೇಷ್ಟೆಗಳನ್ನು ಹೇಳುತ್ತಾ ತಾವು ಉಣ್ಣುತ್ತಿದ್ದರು. ನಾನು ತಿಂದೆನೋ ಬಿಟ್ಟೆನೋ ಎಂದು ಒಮ್ಮೆಯೂ ತಿರುಗಿ ನೋಡುತ್ತಿರಲಿಲ್ಲ.

ಹೀಗೆ ಕೆಲವು ತಿಂಗಳು ಕಳೆದ ಮೇಲೆ ಒಂದು ದಿನ, ಸೈಪ್ರಸ್‌ಗೆ ಹೋಗುವ ಎಂದರು. ಅವರ ಶಾಲೆಯ ಟರ್ಕಿಯ ಟೀಚರ್ ಒಬ್ಬರು ಅಲ್ಲಿನ ಹಾಲಾ ಸುಲ್ತಾನ್ ತೆಕ್ಕೆ ಎಂಬ ದರ್ಗಾದ ಬಗ್ಗೆ ಹೇಳಿದ್ದರಂತೆ. ಪ್ರವಾದಿಯವರ ಸಂಬಂಧಿಯೊಬ್ಬರ ಗೋರಿ ಅಲ್ಲಿದೆ, ಅದರ ಪಕ್ಕದಲ್ಲಿ ಆಟೊಮನ್ ಸುಲ್ತಾನರ ಕಾಲದ ಮಸೀದಿ. ನೋಡಬೇಕೆಂಬ ಆಸೆ, ಆದರೆ ಗೊತ್ತಿಲ್ಲದ ದೇಶಕ್ಕೆ ಒಬ್ಬಳೇ ಹೋಗಲು ಹೆದರಿಕೆ ಎಂದರು. ಕಟ್ಟಡದ ಕಾವಲುಗಾರನ ಜೊತೆ ಅರಬಿಯಲ್ಲಿ ಜಗಳವಾಡಿ ನೀರು ಬಿಡಿಸುತ್ತಿದ್ದ ಹೆಂಗಸಿಗೆ ಹೆದರಿಕೆ! ನನ್ನ ಗಂಡನ ಹತ್ತಿರ ಆಗಲೇ ಮಾತಾಡಿ, ವೀಸಾದ ಕೆಲಸವನ್ನೂ ಒಪ್ಪಿಸಿದ್ದರು. ಬೇಡವೆನ್ನುವ ಶಕ್ತಿಯೂ ನನ್ನಲ್ಲಿರಲಿಲ್ಲ.

ಫೆಬ್ರವರಿಯ ರಜೆಯಲ್ಲಿ ಹೋದೆವು. ಅಲ್ಲಿನ ಲಾರ್ನಕಾ ಪಟ್ಟಣ ದಾಟಿದ ಸ್ವಲ್ಪ ಹೊತ್ತಿಗೆ ಟ್ಯಾಕ್ಸಿಯ ಕಿಟಕಿಯಲ್ಲಿ ಆ ಉಪ್ಪಿನ ಕೆರೆ ಬಂತು. ದೂರದಲ್ಲಿ ರಾಜಹಂಸಗಳು ಗುಲಾಬಿ ಗೆರೆಯ ಹಾಗೆ ನಿಂತಿದ್ದವು. ಆಚೆ ದಡದಲ್ಲಿ ಮರಗಳ ಮೇಲಕ್ಕೆ ಒಂದು ಮಿನಾರು. ಅಂಗಳದಲ್ಲಿ ಎಲ್ಲೆಲ್ಲೂ ಬೆಕ್ಕುಗಳು ಬಿಸಿಲು ಕಾಯಿಸುತ್ತಿದ್ದವು. ನಲ್ಲಿಯ ಹತ್ತಿರ ಅಕ್ಕ ಕೈಕಾಲು ತೊಳೆದರು, ನಾನೂ ತೊಳೆದೆ. ಬಾಗಿಲ ಬಳಿ ಬಂದಾಗ ನನ್ನ ಕಾಲು ನಿಂತಿತು. ಹಣೆಯಲ್ಲಿ ಕುಂಕುಮವಿತ್ತು. ಅಲ್ಲಿದ್ದ ಮುದುಕ ಎಲ್ಲಿಂದ ಬಂದಿರಿ ಎಂದು ಕೇಳಿದ. ಅಕ್ಕ ಕುವೈತ್ ಎಂದರು, ಆಮೇಲೆ ಇಂಡಿಯಾ ಎಂದರು, ಆಮೇಲೆ ನನ್ನ ಭುಜ ಮುಟ್ಟಿ "ಮೈ ಸಿಸ್ಟರ್" ಎಂದರು. ಅವನು ನನ್ನ ಹಣೆ ನೋಡಿದ, ಅಕ್ಕನ ತಲೆವಸ್ತ್ರ ನೋಡಿದ, ನಗುತ್ತಾ ನನಗೊಂದು ಹಸಿರು ಸ್ಕಾರ್ಫ್ ಕೊಟ್ಟ.

ಒಳಗೆ ಬಿಳಿ ಗೋಡೆ, ದಪ್ಪ ಜಮಖಾನ, ತಂಪು. ಅಕ್ಕ ನಮಾಜು ಮುಗಿಸಿದ ಮೇಲೆ ಗೋರಿಯಿರುವ ಪುಟ್ಟ ಕೋಣೆಗೆ ಹೋದೆವು. ಹಸಿರು ಬಟ್ಟೆ ಹೊದಿಸಿತ್ತು. ಯಾತ್ರೆಗೆ ಬಂದಿದ್ದ ಟರ್ಕಿಯ ಹೆಂಗಸೊಬ್ಬಳು ಬಾಟಲಿಯಿಂದ ಎಲ್ಲರ ಅಂಗೈಗೆ ನಿಂಬೆಯ ಕಲೋನ್ ಹಾಕುತ್ತಾ ಬಂದಳು. ನನಗೂ ಹಾಕಿದಳು, ಕೆನ್ನೆ ಸವರಿದಳು, ಏನೋ ಹೇಳಿದಳು. ತಿಳಿಯಲಿಲ್ಲ.

ಗೋಡೆಗೊರಗಿ ಕುಳಿತು ಅಕ್ಕ ಆ ಗೋರಿಯಲ್ಲಿ ಮಲಗಿದ್ದ ಹಿರಿಯಾಕೆಯ ಕಥೆ ಹೇಳಿದರು. ವಯಸ್ಸಾದ ಮೇಲೆ ಗಂಡನ ಜೊತೆ ಹಡಗು ಹತ್ತಿ ಬಂದವರಂತೆ. ಈ ಕೆರೆಯ ಹತ್ತಿರ ಹೇಸರಗತ್ತೆಯಿಂದ ಬಿದ್ದು ಪ್ರಾಣ ಬಿಟ್ಟರಂತೆ. ಅವರನ್ನು ಊರಿಗೆ ಕರೆದುಕೊಂಡು ಹೋಗಲಿಲ್ಲವೇ ಎಂದು ಕೇಳಿದೆ.

"ಇಲ್ಲ ಮಾರಾಯ್ತಿ. ಬಿದ್ದಲ್ಲೇ ಮಲಗಿದರು. ಅವರ ಮನೆಯವರು ಅಂತ ಈಗ ಇಲ್ಲಿ ಯಾರುಂಟು? ಆದ್ರೂ ನೋಡು, ಎಲ್ಲೆಲ್ಲಿಂದ ಬರ್ತಾರೆ."

ನನ್ನ ಬಾಯಿಂದ ತಾನಾಗಿ ಬಂತು. "ನನ್ನ ಮಗೂಗೆ ಯಾರೂ ಇಲ್ವಲ್ಲಕ್ಕ. ಒಬ್ನೇ ಬಿದ್ದವ್ನೆ ಅಲ್ಲಿ." ಮಗು ಎಂಬ ಮಾತನ್ನು ಅಷ್ಟು ತಿಂಗಳಲ್ಲಿ ನಾನು ಆಡಿದ್ದು ಅದೇ ಮೊದಲು.

ಅಕ್ಕ ನನ್ನ ಕಡೆ ತಿರುಗಿ ಕುಳಿತರು. "ಯಾರೂ ಇಲ್ಲ ಅಂತ ನಿನಗೆ ಯಾರು ಹೇಳಿದ್ದು? ನಾನು ಹೋಗ್ತೇನಲ್ಲ."

ಶುಕ್ರವಾರ ಬೆಳಿಗ್ಗೆ ಗಂಡನ ಗೋರಿಗೆ ಹೋಗುವುದು ಅವರ ವಾಡಿಕೆ. ಅಲ್ಲಿಂದ ಸ್ವಲ್ಪ ಆಚೆಗೇ ನನ್ನ ಮಗು ಇರುವುದು. ನನ್ನ ಗಂಡನಿಂದ ಜಾಗ ಕೇಳಿ ತಿಳಿದುಕೊಂಡು, ಆಗಿನಿಂದಲೂ ಅಲ್ಲಿಗೂ ಹೋಗುತ್ತಿದ್ದರಂತೆ. ಮರಳು ಸರಿಸಿ, ನೀರು ಹಾಕಿ, ಸ್ವಲ್ಪ ಹೊತ್ತು ಕೂರುತ್ತಿದ್ದರಂತೆ. "ಅವನ ಹತ್ತಿರ ನಿನ್ನ ಸುದ್ದಿ ಹೇಳ್ತೇನೆ. ನಿನ್ನ ಅಮ್ಮ ನಿನ್ನೆ ಒಂದು ಪುಂಡಿ ಪೂರ್ತಿ ತಿಂದಳು ಅಂತ."

ನಾನು ಅತ್ತೆ. ಆಸ್ಪತ್ರೆಯಲ್ಲಿ ಬಾರದ ಅಳು ಅಲ್ಲಿ, ಗೊತ್ತಿಲ್ಲದ ಜನರ ಮುಂದೆ ಬಂತು. ಯಾರೂ ನನ್ನನ್ನು ಸುಮ್ಮನಿರಿಸಲಿಲ್ಲ. ಅಳುವುದಕ್ಕೆಂದೇ ಜನ ಬರುವ ಜಾಗವದು...

ಕುವೈತಿಗೆ ಮರಳಿದ ಮೊದಲ ಶುಕ್ರವಾರ ನಾನು, ನನ್ನ ಗಂಡ, ಅಕ್ಕ ಮೂವರೂ ಹೋದೆವು. ನನ್ನ ಮಗನ ಜಾಗ ನಾನು ಹೆದರಿದ್ದಂತೆ ಇರಲಿಲ್ಲ. ಚೊಕ್ಕಟವಾಗಿತ್ತು. ಸುತ್ತ ಬೆಣಚುಕಲ್ಲುಗಳನ್ನು ಜೋಡಿಸಿಟ್ಟಿದ್ದರು ಅಕ್ಕ. ಆಮೇಲಿನ ವರ್ಷಗಳಲ್ಲಿ ಮಗಳು ಹುಟ್ಟಿದಳು. ಅವಳಿಗೆ ಮೊದಲ ಸ್ನಾನ ಮಾಡಿಸಿದ್ದು ಅಕ್ಕ, ಅವಳು ಮೊದಲು ಕಲಿತ ಮಾತು "ಎಂತ".

ಮುಂದೆ ಅಕ್ಕನ ನರ್ಸರಿ ಶಾಲೆ ಮುಚ್ಚಿತು. ವೀಸಾಕ್ಕೆ ಹೊಣೆ ನಿಲ್ಲುವ ಬೇರೆ ಕಫೀಲ್ ಸಿಗುವ ವಯಸ್ಸೂ ಅವರದಾಗಿರಲಿಲ್ಲ. ಇಲ್ಲಿರುವ ಪರವಾನಗಿ ಮುಗಿಯಿತು, ಇಕಾಮಾ ಖಲಾಸ್ ಎಂದು ಅವರೇ ನಗುತ್ತಾ ಹೇಳಿದರು. ವಿಮಾನ ನಿಲ್ದಾಣದಲ್ಲಿ ಮಾತ್ರ ನಗಲಿಲ್ಲ. ನನ್ನ ಕೈ ಹಿಡಿದು, "ಇನ್ನು ನಮ್ಮವರನ್ನೂ ನೀನೇ ನೋಡಿಕೊಳ್ಳಬೇಕು" ಎಂದಷ್ಟೇ ಹೇಳಿ ಒಳಗೆ ಹೋದರು.

ಈ ಚಳಿಗಾಲದಲ್ಲಿ ಅವರ ಮಗ ಫೋನ್ ಮಾಡಿದ. ಉಳ್ಳಾಲದಲ್ಲಿ, ತಮ್ಮ ಮನೆಯಲ್ಲೇ, ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲವಂತೆ. ಅಲ್ಲಿಯ ಮಸೀದಿಯ ಪಕ್ಕದಲ್ಲೇ ಮಣ್ಣು ಮಾಡಿದರಂತೆ. ಕೊನೆಗೊಮ್ಮೆ ಅವರ ಮುಖ ನೋಡುವುದು ನನಗಾಗಲಿಲ್ಲ.

ನಿನ್ನೆ ಶುಕ್ರವಾರ. ಎರಡು ದಿನದ ಧೂಳುಗಾಳಿ ನಿಂತಿತ್ತು. ಮಗಳನ್ನು ಕರೆದುಕೊಂಡು ಹೋಗಿ ಮೊದಲು ಅವಳ ಅಣ್ಣನ ಜಾಗದ ಮರಳು ತೆಗೆದೆ, ಆಮೇಲೆ ಅಕ್ಕನ ಗಂಡನ ಗೋರಿಗೆ ಹೋದೆವು. ನಾನು ಕಣ್ಣಾರೆ ಕಂಡವರಲ್ಲ ಅವರು. ಅಕ್ಕನನ್ನು ಆಂಟಿ ಎಂದೇ ಕರೆಯುತ್ತಿದ್ದ ಮಗಳು ನೀರಿನ ಬಾಟಲಿ ಹಿಡಿದು ಯೋಚಿಸುತ್ತಾ ನಿಂತಳು.

"ವಿಲ್ ಆಂಟಿ ಕಮ್ ಹಿಯರ್ ನೌ?"

"ಇಲ್ಲ ಪುಟ್ಟ. ಅವ್ರು ಊರಲ್ಲೇ ಇರ್ತಾರೆ."

ಅವಳು ಉಳಿದ ನೀರನ್ನೆಲ್ಲ ನಿಧಾನವಾಗಿ, ತಲೆಯ ಕಡೆಯಿಂದ ಕಾಲಿನ ಕಡೆಯವರೆಗೂ ಹಾಕಿದಳು.