ಗೇರಿನಲ್ಲಿ ನಿಂತಿದ್ದ ಕಾರು

ಮುಳಬಾಗಿಲಿನ ಮುಕುಂದ್ ಹೊಟ್ಟೆಪಾಡಿಗೆ ಲೆಕ್ಕ ಬರೆಯುತ್ತಾನೆ, ಖುಷಿಗೆ ತಂತಿ ಜೋಡಿಸುತ್ತಾನೆ. ವಾರವಿಡೀ ಆಡಿಟರ್ ಕಚೇರಿಯಲ್ಲಿ ತಲೆ ತಗ್ಗಿಸಿ ಕೂತವನು ಭಾನುವಾರ ಬಂತೆಂದರೆ ಟೆಸ್ಟರ್ ಹಿಡಿದು ಹೊರಟುಬಿಡುತ್ತಾನೆ. ಪಕ್ಕದ ಮನೆಗೆ ಅವನು ಹಾಕಿಕೊಟ್ಟ ಕಾಲಿಂಗ್ ಬೆಲ್ ಒಂದಿಡೀ ಮಳೆಗಾಲ ತನ್ನಷ್ಟಕ್ಕೆ ತಾನೇ ಬಡಿದುಕೊಂಡಿತ್ತು. ಮನೆಗೆ ಮಾರಿ, ಊರಿಗೆ ಉಪಕಾರಿ ಎಂದು ಹೆಂಡತಿ ಶ್ರೀವಾಣಿ ಹಂಗಿಸುತ್ತಾಳೆ. ಅವನು ನಗುತ್ತಾನೆ, ಚಟ ಮಾತ್ರ ಬಿಡುವುದಿಲ್ಲ.

ಅವನ ಕಾಲೇಜು ಗೆಳೆಯ ಚಂದ್ರಮೋಹನ್ ಹುತ್ತೂರಿನ ಬಳಿ ರೇಷ್ಮೆ ಬೆಳೆಯುವವನು. ತಾಯಿ ಭಾರತಮ್ಮನಿಗೆ ಕಿಡ್ನಿ ಕೈಕೊಟ್ಟು, ಡಯಾಲಿಸಿಸ್‌ಗೆಂದು ಕೋಲಾರಕ್ಕೆ ಓಡಾಟ. ಹೋಗುವುದು ಹೇಗೋ ಆಗುತ್ತಿತ್ತು, ಬರುವುದೇ ಕಷ್ಟ. ಆಸ್ಪತ್ರೆಯ ಬಯಲಿನಲ್ಲಿ ಬಿಸಿಲಿಗೆ ನಿಂತ ಕಾರು ಕಾದ ಬಾಣಲೆಯಂತಾಗಿರುತ್ತಿತ್ತು. ನಿತ್ರಾಣವಾದ ಜೀವ ಒಳಗೆ ಕೂತೊಡನೆ ವಾಂತಿ. ಮೊದಲೇ ಹೋಗಿ ಎಸಿ ಹಾಕೋಣವೆಂದರೆ, ಅವರ ತೋಳು ಹಿಡಿದು ನಡೆಸಬೇಕಾದವನೂ ಚಂದ್ರಮೋಹನನೇ. ಕೊನೆಗೊಂದು ದಿನ ಭಾರತಮ್ಮ ಇನ್ನು ಆ ಕಾರು ಹತ್ತುವುದಿಲ್ಲ, ಆದದ್ದಾಗಲಿ ಎಂದುಬಿಟ್ಟರು. ಹತ್ತದಿದ್ದರೆ ಏನಾಗುತ್ತದೆಂದು ಮನೆಯವರಿಗೆಲ್ಲ ಗೊತ್ತಿತ್ತು.

ಸುದ್ದಿ ಮುಕುಂದನ ಕಿವಿಗೂ ಬಿತ್ತು. ಭಾರತಮ್ಮ ಬಡಿಸಿದ ಮುದ್ದೆ, ಹುರುಳಿ ಸಾರು ಉಂಡು ಕಾಲೇಜು ಮುಗಿಸಿದವನು ಅವನು. ದೂರದಿಂದಲೇ ಗುಂಡಿ ಒತ್ತಿ ಎಂಜಿನ್, ಅದರೊಂದಿಗೆ ಎಸಿ ಚಾಲೂ ಮಾಡುವ ರಿಮೋಟ್ ಸ್ಟಾರ್ಟರ್ ಮರುದಿನವೇ ತರಿಸಿದ. ಗೆಳೆಯನ ಕಾರನ್ನು ತನ್ನ ಮನೆಗೆ ತಂದುಕೊಂಡು, ಸ್ಟೇರಿಂಗ್ ಕೆಳಗೆ ಅಂಗಾತ ಮಲಗಿ ತಂತಿ ಜೋಡಿಸಿದ. ಒಂದು ತಂತಿ ಹ್ಯಾಂಡ್‌ಬ್ರೇಕಿನ ಸ್ವಿಚ್ಚಿಗೆ ಹೋಗಬೇಕಿತ್ತು. ಬ್ರೇಕ್ ಎಳೆಯದಿದ್ದರೆ ಎಂಜಿನ್ ಹತ್ತಬಾರದೆಂಬ ಕಾವಲು ಅದು. ಆ ಕಾರಿನ ಹ್ಯಾಂಡ್‌ಬ್ರೇಕ್ ಸತ್ತು ವರ್ಷಗಳೇ ಆಗಿದ್ದವು. ಮುಕುಂದ್ ಜಾಣತನ ತೋರಿಸಿ ಆ ತಂತಿಯನ್ನು ಸೀದಾ ಕಾರಿನ ಲೋಹದ ಮೈಗೇ ಬಿಗಿದ; ಬ್ರೇಕ್ ಸದಾ ಎಳೆದೇ ಇದೆಯೆಂದು ಸ್ಟಾರ್ಟರ್ ನಂಬಿಕೊಂಡಿತು. ಮನೆ ಮುಂದಿನ ಸಮತಟ್ಟಿನಲ್ಲಿ ಒತ್ತಿದಾಗಲೆಲ್ಲ ಎಂಜಿನ್ ಹತ್ತಿತು. ಅವನಿಗೆ ಸ್ವರ್ಗ ಮೂರೇ ಗೇಣು.

ಚಂದ್ರಮೋಹನನ ಅಂಗಳ ಮಾತ್ರ ರಸ್ತೆಯ ಕಡೆಗೆ ಇಳಿಜಾರು. ಹ್ಯಾಂಡ್‌ಬ್ರೇಕ್ ಇಲ್ಲದವರೆಲ್ಲ ಮಾಡುವಂತೆ ಅವನು ಕಾರನ್ನು ಮನೆಗೆ ಮುಖಮಾಡಿ, ಫಸ್ಟ್ ಗೇರಿಗೆ ಹಾಕಿ, ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟು ನಿಲ್ಲಿಸುತ್ತಿದ್ದ. ಮುಕುಂದನನ್ನೂ ಕೂರಿಸಿಕೊಂಡು ಕಾರು ವಾಪಸು ತಂದ ದಿನವೂ ಹಾಗೇ ನಿಲ್ಲಿಸಿ ಇಳಿದ. ಆ ಕಲ್ಲನ್ನು ಎಷ್ಟೋ ಸಲ ಕಂಡಿದ್ದರೂ ಕಾರು ಗೇರಿನಲ್ಲೇ ಇದೆಯೆಂದು ಮುಕುಂದನಿಗೆ ಹೊಳೆಯಲೇ ಇಲ್ಲ. ಜಗಲಿಯ ಮೇಲೆ ಕೂತಿದ್ದ ಭಾರತಮ್ಮನಿಗೆ ತೋರಿಸಲೆಂದು ಜಂಬದಿಂದ ಗುಂಡಿ ಒತ್ತಿದ.

ಕಾರು ಮುಂದಕ್ಕೆ ಹಾರಿತು. ಜಗಲಿಗೆ ಒರಗಿಸಿಟ್ಟಿದ್ದ, ಹುಳು ಗೂಡು ಕಟ್ಟುವ ಬಿದಿರಿನ ಚಂದ್ರಿಕೆಯನ್ನು ಲಟಲಟನೆ ಮುರಿದು ನಿಂತಿತು. ಭಾರತಮ್ಮನ ಕಾಲಿಗೂ ಬಂಪರಿಗೂ ನಡುವೆ ಉಳಿದದ್ದು ಆ ಬಿದಿರಿನ ಸಿಬಿರು ಮಾತ್ರ.

ಮುಕುಂದ್ ನಾಚಿಕೆಯಿಂದ, ಎಲ್ಲ ಕಿತ್ತುಹಾಕುತ್ತೇನೆಂದು ಸ್ಕ್ರೂಡ್ರೈವರ್ ತೆಗೆದ.

"ಏಮೀ ಕಾಲೇದು, ಏನೂ ಆಗಿಲ್ಲ ಬಿಡಪ್ಪಾ," ಎಂದರು ಭಾರತಮ್ಮ. "ನೊಗ ಕಟ್ಟಿದ ಎತ್ತಿಗೆ ಹೋಯ್ ಅಂದ್ರೆ ನಡೀದೆ ಇರ್ತದಾ? ಕೀಳ್ಬೇಡ. ಸರಿ ಮಾಡು."

ಇನ್ನು ತನ್ನ ಕೈಯಿಂದ ಆ ಕೆಲಸ ಬೇಡವೆಂದ ಮುಕುಂದ್.

"ನೀನು ಮಾಡಿದ್ರೇನೇ ನಾನು ಕಾರು ಹತ್ತೋದು."

ಹತ್ತುವುದಿಲ್ಲವೆಂದ ಮೇಲೆ ಅವರು ಮತ್ತೆ ಕಾರು ಹತ್ತುವ ಮಾತೆತ್ತಿದ್ದು ಅದೇ ಮೊದಲು. ಗೆಳೆಯರಿಬ್ಬರೂ ಮುಖ ಮುಖ ನೋಡಿಕೊಂಡರು.

ಕೋಲಾರದ ಗ್ಯಾರೇಜಿನಲ್ಲಿ ಹ್ಯಾಂಡ್‌ಬ್ರೇಕಿಗೆ ಹೊಸ ಕೇಬಲ್ ಬಿತ್ತು. ಕಾವಲು ತಂತಿ ತನ್ನ ಜಾಗಕ್ಕೆ ಹೋಯಿತು. ಗೇರ್ ನ್ಯೂಟ್ರಲ್‌ನಲ್ಲಿ ಇಲ್ಲದಿದ್ದರೆ ಗುಂಡಿ ಕೆಲಸ ಮಾಡದಂತೆ ಮುಕುಂದ್ ಇನ್ನೊಂದು ಸ್ವಿಚ್ಚನ್ನೂ ಕೂರಿಸಿದ. ಬೇಕೆಂದೇ ಗೇರಿಗೆ ಹಾಕಿ ಒತ್ತಿ ನೋಡಿದ, ಕಾರು ಮಿಸುಕಲಿಲ್ಲ. ಗೇರಿಗೆ ಹಾಕುವ ಚಾಳಿ ಬಿಡಿಸಲು ಗೆಳೆಯನನ್ನು ದಿನವೂ ಫೋನಿನಲ್ಲಿ ಬೈದ.

ಮುಂದಿನ ಸರದಿಗೆ ಅವನೂ ಆಸ್ಪತ್ರೆಗೆ ಹೋದ. ಡಯಾಲಿಸಿಸ್ ಮುಗಿಸಿ ಬಂದ ಭಾರತಮ್ಮ ಬಾಗಿಲಲ್ಲೇ ನಿಂತು ರಿಮೋಟ್ ಕೇಳಿದರು. ಬಯಲಿನಾಚೆ ಕಾರಿನ ಮುಂದೆ ಯಾರೂ ಇಲ್ಲವೆಂದು ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿ, ತಾವೇ ಒತ್ತಿದರು. ಕಾರು ನಿಂತಲ್ಲೇ ಗುರುಗುಟ್ಟಿತು. ಮಗನ ತೋಳು ಹಿಡಿದು, ದಾರಿಯಲ್ಲಿ ಕಂಡವರನ್ನೆಲ್ಲ ಮಾತಾಡಿಸುತ್ತ, ಬೇಕೆಂದೇ ನಿಧಾನವಾಗಿ ನಡೆದರು. ಒಳಗೆ ಕೂತು ಸೀಟಿಗೆ ಒರಗಿ ಕಣ್ಣು ಮುಚ್ಚಿದರು. ಎಲ್ಲಿ ವಾಂತಿಯಾಗುತ್ತದೋ ಎಂದು ಮುಕುಂದ್ ಅವರ ಮುಖವನ್ನೇ ನೋಡಿದ.

"ಚಳಿ ಆಗ್ತದೆ, ಒಸಿ ಕಮ್ಮಿ ಮಾಡೋ," ಎಂದರು ಮಗನಿಗೆ. "ಮುಂದಿನ ಸಲ ಶಾಲು ತರ್ಬೇಕು."