ಅರ್ಜಿದಾರ ದೇಶದ ಪರವಾಗಿ

ಚೀಟಿಗಳನ್ನು ಹಾಕಿದ್ದು ನನ್ನ ಊಟದ ಡಬ್ಬಿಯ ಮುಚ್ಚಳದಲ್ಲಿ. ತೊಳೆದಿದ್ದರೂ ಅದರ ಅಂಚಿನಲ್ಲಿ ಒಂದು ಸಾಸಿವೆ ಕಾಳು ಉಳಿದಿತ್ತು. ನನ್ನ ವಿದ್ಯಾರ್ಥಿನಿಯೊಬ್ಬಳು ಎತ್ತಿದ ಚೀಟಿಗೆ ಅದೂ ಅಂಟಿಕೊಂಡು ಬಂತು. ಅವಳು ಮೊದಲು ಕಾಳನ್ನು ಉಗುರಿನಿಂದ ತೆಗೆದಳು, ಆಮೇಲೆ ಚೀಟಿ ಬಿಡಿಸಿ ಓದಿ ನನ್ನತ್ತ ನೋಡಿದಳು. 'ಅರ್ಜಿದಾರ ದೇಶ' ಎಂದಿತ್ತು.

ಚಾಮರಾಜಪೇಟೆಯ ಒಂದು ಸಣ್ಣ ಕಾನೂನು ಕಾಲೇಜಿನಲ್ಲಿ ನಾನು ಅತಿಥಿ ಉಪನ್ಯಾಸಕಿ. ಅಂತರರಾಷ್ಟ್ರೀಯ ಕಾನೂನು ಕಲಿಸುತ್ತೇನೆ. ಕೊನೆಯ ವರ್ಷದವರು ಅಣಕು ನ್ಯಾಯಾಲಯದಲ್ಲಿ ಒಂದು ವಾದ ಮಾಡಲೇಬೇಕು. ಮಾಡದಿದ್ದರೆ ಆಂತರಿಕ ಅಂಕವಿಲ್ಲ, ಅಂಕವಿಲ್ಲದಿದ್ದರೆ ಇನ್ನೊಂದು ವರ್ಷ ಕಾಯಬೇಕು. ಯಾರು ಯಾರ ಪರ ಎಂಬುದನ್ನು ಚೀಟಿ ತೀರ್ಮಾನಿಸುತ್ತದೆ. ತಾನು ನಂಬದ್ದನ್ನೂ ಮರ್ಯಾದೆಯಿಂದ ವಾದಿಸುವುದನ್ನು ಕಲಿಸಲು ನನಗೆ ಬೇರೆ ದಾರಿ ಗೊತ್ತಿಲ್ಲ. ಚೀಟಿ ಎತ್ತಿಸಿದ ಮೇಲೆ ಪ್ರತಿ ವರ್ಷದಂತೆ ನಿಯಮಗಳನ್ನು ಓದಿದೆ. ಚೀಟಿ ಬದಲಾಯಿಸುವಂತಿಲ್ಲ. ಕಲಾಪದ ವೇಳೆ ಯಾರ ಫೋನೂ ಆನ್ ಇರುವಂತಿಲ್ಲ, ನೋಡಲು ಬಂದವರದೂ ಸೇರಿ.

ಮೊಕದ್ದಮೆಯನ್ನು ನಾನೇ ರಜೆಯಲ್ಲಿ ಬರೆದಿದ್ದೆ. ಎರಡು ಕಲ್ಪನೆಯ ದೇಶಗಳು, ನಡುವೆ ಒಂದು ನದಿ. ಒಂದರ ನೆಲದಲ್ಲಿ ಬೀಡುಬಿಟ್ಟ ಗುಂಪು ನದಿ ದಾಟಿ ಬಂದು ಇನ್ನೊಂದರ ಸಂತೆಯಲ್ಲಿ ಜನರನ್ನು ಕೊಲ್ಲುತ್ತದೆ. ಪೆಟ್ಟು ತಿಂದ ದೇಶ ವಿಮಾನ ಕಳಿಸಿ ಆ ಗುಂಪಿನ ಶಿಬಿರದ ಮೇಲೆ ಬಾಂಬು ಹಾಕುತ್ತದೆ. ಬಾಂಬು ಬಿದ್ದ ನೆಲದ ದೇಶ, ಈ ದಾಳಿ ಕಾನೂನಿಗೆ ವಿರುದ್ಧ ಎಂದು ಕೋರ್ಟಿಗೆ ಬರುತ್ತದೆ. ಅದೇ ಅರ್ಜಿದಾರ. ಬರೆಯುವಾಗ ಅದು ಬರೀ ಪಾಠವಾಗಿತ್ತು. ಚೀಟಿ ಎತ್ತುವ ಹೊತ್ತಿಗೆ ನಮ್ಮ ಗಡಿಯಲ್ಲಿ ನಿಜವಾಗಿ ಗುಂಡು ಹಾರುತ್ತಿತ್ತು. ಅವಳ ಗಂಡ ಸೈನ್ಯದಲ್ಲಿದ್ದ.

ಆ ದಿನಗಳಲ್ಲಿ ನನ್ನ ವಿಷಯ ಎಲ್ಲರಿಗೂ ಬೇಕಾಗಿತ್ತು. ಶಂಕರಪುರಂನ ನಮ್ಮ ಮನೆಯಲ್ಲಿ ಟಿ.ವಿ. ಬೆಳಗಿನಿಂದ ಸೈರನ್ ಕೂಗುತ್ತಿತ್ತು. ದೊಡ್ಡಪ್ಪ ಫೋನ್ ಮಾಡಿ, ನೀನು ಇದನ್ನೇ ಓದಿದವಳಲ್ಲವೇ, ಹೊಡೆಯಬಹುದೋ ಇಲ್ಲವೋ ಒಂದೇ ಮಾತಿನಲ್ಲಿ ಹೇಳು ಎಂದರು. ನಾನು ಶುರು ಮಾಡಿದೆ. ಮಹಾಯುದ್ಧ ಮುಗಿದ ಮೇಲೆ ದೇಶಗಳೆಲ್ಲ ಸೇರಿ ಬರೆದುಕೊಂಡ ಸನ್ನದಿನ ಪ್ರಕಾರ ಒಂದು ದೇಶ ಇನ್ನೊಂದರ ಮೇಲೆ ಬಲ ಪ್ರಯೋಗಿಸುವಂತಿಲ್ಲ. ಭದ್ರತಾ ಮಂಡಳಿ ಒಪ್ಪಿದರೆ ಸರಿ, ಇಲ್ಲವೇ ತನ್ನ ಮೇಲೆ ಸಶಸ್ತ್ರ ದಾಳಿಯಾದಾಗ ಆತ್ಮರಕ್ಷಣೆಗೆ. ಅದೂ ಅಗತ್ಯವಿದ್ದಷ್ಟೇ, ಪೆಟ್ಟಿನ ಅಳತೆಗೆ ತಕ್ಕಷ್ಟೇ. ಹೊಡೆದವರು ಇನ್ನೊಂದು ದೇಶದ ಸೈನಿಕರಲ್ಲ, ಅಲ್ಲಿ ನೆಲೆಸಿದ ಗುಂಪು ಎಂದಾದರೆ ಪಂಡಿತರೇ ಇನ್ನೂ ಒಮ್ಮತಕ್ಕೆ ಬಂದಿಲ್ಲ. ಇಷ್ಟು ಹೇಳುವುದರೊಳಗೆ ದೊಡ್ಡಪ್ಪ, ನಿನಗೆ ಸ್ನೇಹಿತರು ಕಡಿಮೆ ಯಾಕೆ ಅಂತ ಈಗ ಗೊತ್ತಾಯಿತು ಎಂದು ನಕ್ಕು ಫೋನ್ ಇಟ್ಟರು. ಅದೇ ಉತ್ತರವನ್ನು ಬಸ್ಸಿನಲ್ಲಿ, ಸ್ಟಾಫ್ ರೂಮಿನಲ್ಲಿ, ಮೆಟ್ಟಿಲ ಮೇಲೆ ಅರ್ಧರ್ಧ ಹೇಳಿ ಹೇಳಿ ನನ್ನ ದನಿ ನನಗೇ ಸಾಕಾಗಿತ್ತು.

ಅವಳು ಮಾತ್ರ ಏನೂ ಕೇಳಲಿಲ್ಲ. ಚೀಟಿ ಜೇಬಿಗಿಟ್ಟುಕೊಂಡು ಹೋದವಳು ಕೆಲವು ದಿನ ತರಗತಿಗೆ ಬಂದಳು, ಆಮೇಲೆ ಬರುವುದನ್ನು ನಿಲ್ಲಿಸಿದಳು. ವಿಚಾರಣೆಯ ಹಿಂದಿನ ದಿನ ಅವಳ ಜೊತೆಯ ಹುಡುಗಿ ವಿಷಯ ತಿಳಿಸಿದಳು. ಅವಳು ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತ ವಾದವನ್ನು ಗಟ್ಟಿಯಾಗಿ ಹೇಳಿಕೊಳ್ಳುತ್ತಿದ್ದಳಂತೆ. ಕೆಳಗಿನ ಮನೆಯ ಹೆಂಗಸಿಗೆ ಕಿಟಕಿಯಿಂದ ಕೇಳಿಸಿದ್ದು ಇಷ್ಟು: ಮಾನ್ಯ ನ್ಯಾಯಾಧೀಶರೇ, ಗಡಿ ದಾಟಿ ನಡೆಸಿದ ಈ ದಾಳಿ ಅಕ್ರಮ. ಆಕೆ ಮೇಲೆ ಬಂದು ಅತ್ತೆಗೆ ಹೇಳಿದಳು. ಅತ್ತೆ ಕಾಲೇಜು ಸಾಕು ಎಂದರು.

ಎದುರು ಪಕ್ಷದ ಹುಡುಗನನ್ನು ಕರೆದು, ಅದಲು ಬದಲು ಮಾಡಿಕೊಳ್ಳುತ್ತೀಯಾ ಎಂದು ಕೇಳಿದೆ. ಆ ಕೆಲಸ ನಾನು ಹಿಂದೆಂದೂ ಮಾಡಿರಲಿಲ್ಲ. ಅವನು ಮುಖ ಸಣ್ಣದು ಮಾಡಿಕೊಂಡು ಒಪ್ಪಿದ. ಸಂಜೆ ಹನುಮಂತನಗರಕ್ಕೆ ಹೋದೆ.

ಗುಡ್ಡದ ದೇವಸ್ಥಾನದ ಹಿಂದಿನ ಬೀದಿ, ಮೊದಲನೇ ಮಹಡಿ. ಗೇಟಿಗೆ, ಸೈನಿಕನ ಮನೆಯೆಂದು ಬೀದಿಯವರು ಕಟ್ಟಿದ ಬಾವುಟವಿತ್ತು. ಅತ್ತೆ ಬಾಗಿಲು ತೆಗೆದರು, ಕೂರಿಸಿದರು, ಸೊಸೆಯನ್ನು ಕರೆಯದೆ ತಾವೇ ಕಾಫಿ ತಂದರು. ಕನಕಪುರದ ಕಡೆಯ ಹಳ್ಳಿಯಿಂದ ಮದುವೆಯಾಗಿ ಬಂದವರು. ಗಂಡ ತೀರಿಕೊಂಡ ಮೇಲೆ ಮಗನನ್ನು ಒಬ್ಬರೇ ಬೆಳೆಸಿದವರು. ಟಿ.ವಿ. ಸದ್ದಿಲ್ಲದೆ ಓಡುತ್ತಿತ್ತು. ಅವರ ಮಡಿಲಲ್ಲಿ ಫೋನ್ ಇತ್ತು, ಚಾರ್ಜರಿನ ವೈರು ಗೋಡೆಯವರೆಗೂ ಎಳೆದು ನಿಂತಿತ್ತು. ಮಗ ಕರೆ ಮಾಡಿ ಬಹಳ ದಿನವಾಗಿತ್ತು.

ನಾನು ದೇಶಗಳು ಕಲ್ಪನೆಯವು, ಹೆಸರೂ ಕಲ್ಪನೆಯವು ಎಂದು ವಿವರಿಸಿದೆ.

"ಹೆಸ್ರು ಬದಲಾಯಿಸಿದ್ರೆ ಜನಕ್ಕೆ ಗೊತ್ತಾಗಲ್ವಾ ಮೇಡಂ?" ಎಂದರು. "ಬಾವುಟ ಕಟ್ಟಿದೋರು ನಾಳೆ ಬಿಚ್ಕೊಂಡು ಹೋದ್ರೆ?"

ಅದಕ್ಕೇ ಪಕ್ಷ ಬದಲಾಯಿಸುತ್ತೇನೆ, ಅವಳು ದಾಳಿ ಮಾಡಿದ ದೇಶದ ಪರವಾಗಿಯೇ ವಾದಿಸಲಿ ಎಂದೆ. ಅವರ ಭುಜ ಸಡಿಲವಾಯಿತು. ಹಾಗಾದರೆ ಕಳಿಸುತ್ತೇನೆ ಎಂದರು. ಕೆಲಸ ಮುಗಿಯಿತೆಂದು ನಾನು ಲೋಟ ಕೆಳಗಿಟ್ಟೆ.

"ಬೇಡ ಮೇಡಂ." ಅವಳು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. "ನಾನು ಇದನ್ನೇ ಓದಿದೀನಿ. ಇದನ್ನೇ ಮಾಡ್ತೀನಿ."

"ಅವ್ರೇ ಬದಲಾಯಿಸ್ತೀನಿ ಅಂತಿದಾರಲ್ಲ, ನಿಂದೇನೇ?" ಎಂದರು ಅತ್ತೆ.

"ನಿಮ್ಮ ಮಗನ್ನ ಎಲ್ಲಿಗೆ ಹಾಕ್ಲಿ ಅಂತ ಕೇಳಿ ಹಾಕಿದ್ರಾ ಅತ್ತೆ? ಆರ್ಡರ್ ಬಂತು, ಹೋದ್ರು. ನಂಗೂ ಚೀಟಿ ಬಂತು."

ಅತ್ತೆ ಬೈಯುತ್ತಾರೆ ಎಂದುಕೊಂಡೆ. ಅವರು ಫೋನನ್ನು ಮಗುಚಿ ಇಟ್ಟರು, ಮತ್ತೆ ನೇರ ಮಾಡಿದರು. ಆಮೇಲೆ ನನ್ನನ್ನು ಕೇಳಿದರು:

"ಇವ್ಳು ಗೆದ್ರೆ, ನನ್ ಮಗಂದು ತಪ್ಪು ಅಂತ ಆಗುತ್ತಾ?"

ಬೀದಿ, ಬಾವುಟ, ಕೆಳಗಿನ ಮನೆಯ ಹೆಂಗಸು ಎಲ್ಲದರ ಹಿಂದೆ ಇದ್ದದ್ದು ಇಷ್ಟೇ. ಆ ವಾರದಲ್ಲಿ ನಾನು ಕೊನೆಯವರೆಗೂ ಹೇಳಲು ಸಾಧ್ಯವಾದ ಉತ್ತರವೂ ಅದೊಂದೇ. ಯುದ್ಧಕ್ಕೆ ಇಳಿದದ್ದು ಸರಿಯೋ ತಪ್ಪೋ, ಅದಕ್ಕೆ ಉತ್ತರ ಹೇಳಬೇಕಾದದ್ದು ದೇಶ, ಅದನ್ನು ನಡೆಸುವವರು. ಸಿಪಾಯಿಯನ್ನು ಅದಕ್ಕಾಗಿ ಕೇಳುವುದಿಲ್ಲ. ಅವನನ್ನು ಕೇಳುವುದು ಬೇರೆ: ಯಾರ ಮೇಲೆ ಗುಂಡು ಹಾರಿಸಿದೆ, ಶರಣಾದವನಿಗೆ ಹೊಡೆದೆಯಾ, ಊರಿನ ಜನರನ್ನು ಮುಟ್ಟದೆ ಬಿಟ್ಟೆಯಾ. ಎರಡಕ್ಕೂ ಬೇರೆ ಬೇರೆ ಕಾನೂನು. ಒಂದರ ತಪ್ಪು ಇನ್ನೊಂದಕ್ಕೆ ಅಂಟುವುದಿಲ್ಲ.

ಅವರು ಪೂರ್ತಿ ಕೇಳಿಸಿಕೊಂಡರು. "ಅಂಥದ್ದೆಲ್ಲ ಮಾಡೋನಲ್ಲ ಅವ್ನು" ಎಂದರು.

ನಾನು ಆ ಹುಡುಗನನ್ನು ನೋಡಿದ್ದು ಗೋಡೆಯ ಮೇಲಿನ ಮದುವೆಯ ಫೋಟೋದಲ್ಲಿ ಮಾತ್ರ. ಗೊತ್ತಿಲ್ಲದ್ದಕ್ಕೆ ಹೌದು ಎನ್ನುವ ಅಭ್ಯಾಸ ನನಗಿಲ್ಲ. ಆದರೂ ತಲೆಯಾಡಿಸಿದೆ.

ಕಳಿಸುತ್ತೀರಾ ಎಂದು ಏಳುವಾಗ ಕೇಳಿದೆ. ಬೆಳಗ್ಗೆ ಆಗಲಿ ಎಂದರು. ಅವಳು ಮೆಟ್ಟಿಲವರೆಗೂ ಬಂದಳು. ಕೈ ಒದ್ದೆಯಾಗಿತ್ತು. ನಾನು ಬಸ್ಸಿಗೆ ಕಾಯದೆ ಮನೆಗೆ ನಡೆದೆ. ಗಾಂಧಿ ಬಜಾರಿನಲ್ಲಿ ಹೂವು ಮಾರುವವರು ಅಂಗಡಿ ಎತ್ತುತ್ತಿದ್ದರು. ಮನೆಯಲ್ಲಿ ಅಮ್ಮ ಎಲ್ಲಿ ಹೋಗಿದ್ದೆ ಎಂದಾಗ ಕಾಲೇಜಿನ ಕೆಲಸ ಎಂದೆ. ಟಿ.ವಿ. ಇನ್ನೂ ಕೂಗುತ್ತಿತ್ತು.

ಮರುದಿನ ಬೆಳಗ್ಗೆ ಬೇಗ ಹೋಗಿ ಕಾಲೇಜಿನ ಸಭಾಂಗಣದ ಕಿಟಕಿಗಳನ್ನು ತೆರೆದೆ, ಬೋರ್ಡಿನ ಮೇಲೆ ಎರಡೂ ದೇಶಗಳ ಹೆಸರು ಬರೆದೆ. ಎದುರು ಪಕ್ಷದ ಹುಡುಗ ಬಂದು, ಕೊನೆಗೆ ಯಾರ ಪರ ಎಂದು ಕೇಳಿದ. ನಿನ್ನ ಚೀಟಿಯಲ್ಲಿ ಇದ್ದವರ ಪರ ಎಂದೆ. ಅವನ ಮುಖ ಅರಳಿತು. ಎಲ್ಲರೂ ಕೂತ ಮೇಲೆ ಅವಳು ಬಂದಳು, ಕರಿ ಕೋಟಿನಲ್ಲಿ. ಅವಳ ಹಿಂದೆ ಅತ್ತೆ. ಅವರು ಯಾರನ್ನೂ ನೋಡದೆ ಕೊನೆಯ ಸಾಲಿನಲ್ಲಿ ಕೂತರು. ಫೋನ್ ಅಂಗೈಯಲ್ಲೇ ಇತ್ತು, ಪರದೆ ಮೇಲೆ ಮಾಡಿ ಹಿಡಿದಿದ್ದರು.

ನಾನು ನ್ಯಾಯಾಧೀಶರ ಕುರ್ಚಿಯಲ್ಲಿ ಕೂತು ನಿಯಮಗಳನ್ನು ಓದಿದೆ. ಫೋನಿನ ನಿಯಮ ಬಂದಾಗ ಅದನ್ನು ಓದದೆ ಮುಂದಿನದಕ್ಕೆ ಹೋದೆ. ಆಮೇಲೆ ಅರ್ಜಿದಾರ ದೇಶದ ವಕೀಲರನ್ನು ಕರೆದೆ.